ವಿಧಾನದ ಅಧ್ಯಾಯ ಹಾರಿಸಬೇಡಿ: ‘ದಿ ಸೈಕಾಲಜಿ ಆಫ್ ಹ್ಯೂಮನ್ ಸೆಕ್ಶುವಾಲಿಟಿ’ ಪಠ್ಯಪುಸ್ತಕ

ಮಾನವ ಲೈಂಗಿಕತೆಯನ್ನು ಮನಃಶಾಸ್ತ್ರದ ಕಡೆಯಿಂದ ಓದಬೇಕು ಅನ್ನುವ ಬಿ.ಎ., ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಜಸ್ಟಿನ್ ಲೆಹ್‌ಮಿಲ್ಲರ್ ಅವರ ಈ ಪುಸ್ತಕವನ್ನು ಧೈರ್ಯವಾಗಿ ಹೇಳಬಹುದು. ಮೊದಲು ಬಂದದ್ದು 2014ರಲ್ಲಿ, ಎರಡನೇ ಆವೃತ್ತಿ 2018ರಲ್ಲಿ. ಅಂಗರಚನೆ, ಗರ್ಭನಿರೋಧ, ಸೋಂಕು ಎಲ್ಲವೂ ಇದೆ. ಆದರೂ ಇದು ವೈದ್ಯಕೀಯ ಕೈಪಿಡಿಯಲ್ಲ. ದೇಹ, ಮನಸ್ಸು, ಸಮಾಜ ಮೂರನ್ನೂ ಜೊತೆಗಿಟ್ಟು ನೋಡುತ್ತದೆ. ಇಂಗ್ಲಿಷ್ ತಿಳಿಯಾಗಿದೆ.

ಓದುವವರು ಎಡವುವುದು ಶುರುವಿನಲ್ಲೇ. ಸಂಶೋಧನಾ ವಿಧಾನದ ಅಧ್ಯಾಯ ಬೇಸರವೆಂದು ಬಿಟ್ಟು, ನೇರ ಲೈಂಗಿಕ ವರ್ತನೆಯ ಪುಟಗಳಿಗೆ ಹೋಗುತ್ತಾರೆ. ಆಗ ಮುಂದಿನ ಪ್ರತಿ ಅಂಕಿಯನ್ನೂ ಎಲ್ಲರಿಗೂ ಅನ್ವಯಿಸುವ ಸತ್ಯವೆಂದೇ ಓದಿಬಿಡುತ್ತಾರೆ. ಉದಾಹರಣೆಗೆ, ಅಮೆರಿಕದ ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸಿ 1948 ಮತ್ತು 1953ರಲ್ಲಿ ಪ್ರಕಟಿಸಿದ ವರದಿಗಳಿಗೆ ಸಾವಿರಾರು ಜನರ ಸಂದರ್ಶನ ನಡೆದಿತ್ತು, ನಿಜ. ಆದರೆ ಅವರನ್ನು ಯಾದೃಚ್ಛಿಕವಾಗಿ ಆರಿಸಿರಲಿಲ್ಲ. ತಮ್ಮ ಲೈಂಗಿಕ ಬದುಕಿನ ಬಗ್ಗೆ ಮಾತಾಡಲು ಒಪ್ಪುವವರು ಒಪ್ಪದವರಿಗಿಂತ ಬೇರೆಯೇ ಇರುತ್ತಾರೆ. ಪೂರ್ತಿ ಭಿನ್ನಲಿಂಗಾಸಕ್ತಿಗೆ ಸೊನ್ನೆ, ಪೂರ್ತಿ ಸಲಿಂಗಾಸಕ್ತಿಗೆ ಆರು ಎಂದು ಗುರುತಿಸುವ ಕಿನ್ಸಿ ಮಾಪಕ ಇಂದಿಗೂ ಪಾಠಕ್ಕೆ ಉಪಯುಕ್ತ. ಅವರ ಶೇಕಡಾವಾರು ಲೆಕ್ಕವನ್ನು ಇಡೀ ಜನಸಂಖ್ಯೆಗೆ ಹಚ್ಚುವಂತಿಲ್ಲ.

ಲೈಂಗಿಕ ಪ್ರತಿಕ್ರಿಯೆಯ ಪಾಠಕ್ಕೆ ಅಧ್ಯಾಪಕರು ಒಂದು ಪೂರಕ ಓದು ಕೊಡಲೇಬೇಕು: ಪ್ರಯೋಗಾಲಯದ 132 ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆ. ಜನನಾಂಗದ ಪ್ರತಿಕ್ರಿಯೆಯನ್ನು ಉಪಕರಣ ಅಳೆಯುತ್ತದೆ, ಉದ್ರೇಕ ಎಷ್ಟಾಯಿತು ಎಂಬುದನ್ನು ವ್ಯಕ್ತಿಯೇ ಹೇಳುತ್ತಾರೆ. ಇವೆರಡರ ಸಹಸಂಬಂಧ (ಎರಡೂ ಅಳತೆ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಂಕಿ; ಸೊನ್ನೆ ಎಂದರೆ ನಂಟಿಲ್ಲ, ಒಂದು ಎಂದರೆ ಪೂರ್ತಿ ನಂಟು) ಗಂಡಸರಲ್ಲಿ 0.66, ಹೆಂಗಸರಲ್ಲಿ 0.26. ಉತ್ತರಪತ್ರಿಕೆಯಲ್ಲಿ 0.26 ಅನ್ನು ‘ಶೇ. 26 ಹೊಂದಾಣಿಕೆ’ ಎಂದು ಬರೆದರೆ ತಪ್ಪು. ವರ್ಗ ಮಾಡಿ ನೋಡಿ: ಎರಡು ಅಳತೆಗಳ ಏರಿಳಿತದಲ್ಲಿ ಪರಸ್ಪರ ಹೊಂದುವ ಪಾಲು ಹೆಂಗಸರಲ್ಲಿ ಶೇ. 7ರಷ್ಟು, ಗಂಡಸರಲ್ಲಿ ಶೇ. 44ರಷ್ಟು. ದೇಹ ಸ್ಪಂದಿಸಿತು ಎಂದ ಮಾತ್ರಕ್ಕೆ ಮನಸ್ಸಿತ್ತು ಎಂದಾಗಲಿ, ಸಮ್ಮತಿ ಇತ್ತು ಎಂದಾಗಲಿ ಅರ್ಥವಲ್ಲ. ದೌರ್ಜನ್ಯಕ್ಕೊಳಗಾದವರ ಜೊತೆ ಮುಂದೆ ಕೆಲಸ ಮಾಡುವ ಕೌನ್ಸೆಲರ್‌ಗೆ ಇದು ತಿಳಿದಿರಲೇಬೇಕು.

ಲೈಂಗಿಕ ಚಿಕಿತ್ಸೆಯ ಭಾಗದಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ದಂಪತಿಗಳಿಗಾಗಿ ರೂಪಿಸಿದ ‘ಸೆನ್ಸೇಟ್ ಫೋಕಸ್’ ಎಂಬ ಸ್ಪರ್ಶದ ಅಭ್ಯಾಸವನ್ನು ನಿಧಾನವಾಗಿ ಓದಿ. ಮೊದಲು ಸಂಭೋಗಕ್ಕೆ ಪೂರ್ತಿ ತಡೆ. ಎದೆ, ಜನನಾಂಗ ಬಿಟ್ಟು ಉಳಿದ ಮೈಯನ್ನು ಒಬ್ಬರಾದ ಮೇಲೆ ಒಬ್ಬರು ಮುಟ್ಟುವುದು. ಗಮನವೆಲ್ಲ ಬಿಸಿ, ಒತ್ತಡ, ಚರ್ಮದ ನುಣುಪಿನ ಮೇಲೆ. ಅದು ಸಲೀಸಾದ ಮೇಲೆ ಮುಂದಿನ ಹಂತ. ‘ನನ್ನಿಂದ ಆಗುತ್ತದೋ ಇಲ್ಲವೋ’ ಎಂದು ತನ್ನನ್ನು ತಾನೇ ಕಾಯುತ್ತ ಕೂರುವ ಆತಂಕವನ್ನು ಕಳೆಯುವುದೇ ಇದರ ಗುರಿ. ದಂಪತಿ ಇದನ್ನು ಸಂಭೋಗದ ಪೀಠಿಕೆ ಮಾಡಿಕೊಂಡರೆ ಆತಂಕ ಮರಳಿ ಬರುತ್ತದೆ, ಕೆಲಸ ಕೆಡುತ್ತದೆ.

ಕೊರತೆಯೂ ಇದೆ. ಕಾನೂನು, ಶಾಲಾ ಶಿಕ್ಷಣದ ಉದಾಹರಣೆಗಳು ಬಹುಪಾಲು ಅಮೆರಿಕದವು. ನಮ್ಮ ವಿದ್ಯಾರ್ಥಿಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಕಡ್ಡಾಯ ವರದಿ ನಿಯಮ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಬಗ್ಗೆ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು, 2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆಯಾಗಿ ಬೇಕು. ‘ಧಾತು (ವೀರ್ಯ) ಹೋಗುತ್ತಿದೆ, ಅದಕ್ಕೇ ನಿಶ್ಶಕ್ತಿ’ ಎಂದು ಬರುವ ಹುಡುಗರಿಗಾಗಿ ಒಂದು ತರಗತಿಯನ್ನೇ ಮೀಸಲಿಡಿ. ಮನೋವೈದ್ಯ ಎನ್.ಎನ್. ವಿಗ್ ಇದಕ್ಕೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಇಲ್ಲಿ ಮೊದಲು ಆಗಬೇಕಾದದ್ದು ಸರಿಯಾದ ಲೈಂಗಿಕ ತಿಳಿವಳಿಕೆ, ಜೊತೆಗೆ ಅಡಿಯಲ್ಲಿರುವ ಆತಂಕ, ಖಿನ್ನತೆಯ ಚಿಕಿತ್ಸೆ. ಗೋಡೆ ಜಾಹೀರಾತಿನ ಗುಪ್ತರೋಗ ‘ತಜ್ಞರು’ ಆ ಭಯವನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ.

ಹಳೆಯ ಪುಸ್ತಕದಂಗಡಿಯಲ್ಲಿ ಎರಡನೇ ಆವೃತ್ತಿ ಸಿಕ್ಕರೆ ಬಿಡಬೇಡಿ. ಲಿಂಗತ್ವದ ಅಧ್ಯಾಯದ ಅಂಚಿನಲ್ಲಿ ಮಾತ್ರ ಒಂದು ಟಿಪ್ಪಣಿ ಬರೆದುಕೊಳ್ಳಿ: 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಐಸಿಡಿ-11, ಲಿಂಗತ್ವದ ಹೊಂದಿಕೆಯಿಲ್ಲದಿರುವಿಕೆಯನ್ನು (ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೂ ವ್ಯಕ್ತಿ ತಾನೆಂದುಕೊಳ್ಳುವ ಲಿಂಗತ್ವಕ್ಕೂ ತಾಳೆಯಾಗದಿರುವುದನ್ನು) ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದೆ.