ಗೂಡ್ಸ್ ಆಟೋಗೆ ಪಿಎಫ್‌ಸಿ ಚಾರ್ಜರ್: ಎರಡು ಮಳೆಗಾಲದ ಬಳಕೆಯ ನಂತರ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ತರಕಾರಿ ಸಾಗಿಸುವ ನಮ್ಮ ಆರು ಎಲೆಕ್ಟ್ರಿಕ್ ಗೂಡ್ಸ್ ಆಟೋಗಳು ರಾತ್ರಿ ಒಂದೇ ಶೆಡ್‌ನಲ್ಲಿ ಚಾರ್ಜ್ ಆಗುತ್ತವೆ. ಎಲ್ಲವೂ 51.2 ವೋಲ್ಟಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಹಳೆ ಚಾರ್ಜರ್ ತೆಗೆದು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂಬ ಅಳತೆ, 1 ಇದ್ದರೆ ಪೂರ್ತಿ) ಸರಿಪಡಿಸುವ ಸರ್ಕ್ಯೂಟ್ ಅಂದರೆ ಪಿಎಫ್‌ಸಿ ಇರುವ 58.4 ವೋಲ್ಟ್, 30 ಆಂಪಿಯರ್ ಚಾರ್ಜರ್ ಹಾಕಿಸಿದೆವು.

ಅಂಗಡಿಯವರು ‘ಬಿಲ್ ಇಳಿಯುತ್ತೆ’ ಅಂದಿದ್ದರು. ಯೂನಿಟ್ ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತಿದೆ. ಬ್ಯಾಟರಿ ತುಂಬಲು ಬೇಕಾದ ಶಕ್ತಿ ಅಷ್ಟೇ ಅಲ್ವಾ? ನಿಜವಾದ ಲಾಭ ವೈರಿಂಗ್‌ಗೆ.

ಮೊದಲು ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಮೂರು ಫೇಸ್‌ಗೂ ಎರಡೆರಡು ಚಾರ್ಜರ್, ಲೋಡ್ ಸಮವಾಗಿಯೇ ಇತ್ತು. ಹಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಇರಲೇಬಾರದು. ಕ್ಲ್ಯಾಂಪ್ ಮೀಟರ್ ಹಾಕಿದರೆ ಫೇಸ್‌ಗಿಂತ ನ್ಯೂಟ್ರಲ್‌ನಲ್ಲೇ ಜಾಸ್ತಿ! ಕಾರಣ ಇಷ್ಟು: ಲೈನಿನ ವೋಲ್ಟೇಜ್ ಅಲೆ ತನ್ನ ತುದಿ ಮುಟ್ಟಿದ ಕ್ಷಣದಲ್ಲಿ ಮಾತ್ರ ಹಳೆ ಚಾರ್ಜರ್ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಇದರಿಂದ 50 ಹರ್ಟ್ಸ್ ಜೊತೆ 150 ಹರ್ಟ್ಸ್ ಕರೆಂಟೂ ಹುಟ್ಟುತ್ತದೆ. ಮೂರು ಫೇಸಿನ ಈ 150 ಹರ್ಟ್ಸ್ ಕರೆಂಟ್ ಒಂದನ್ನೊಂದು ಕಳೆಯುವುದಿಲ್ಲ, ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಸುಮ್ನೆ ಕೆಪಾಸಿಟರ್ ಬ್ಯಾಂಕ್ ಹಾಕಿಸಿ ಅಂತ ಹೇಳುವವರಿದ್ದಾರೆ. ಅದು ಪಂಪಿನ ಮೋಟಾರಿಗೆ ಸರಿ, ಈ ಕಾಯಿಲೆಗೆ ಮದ್ದಲ್ಲ. ಕೆಲವೊಮ್ಮೆ ಹಾರ್ಮೋನಿಕ್ಸ್, ಅಂದರೆ ಈ 150 ಹರ್ಟ್ಸ್‌ನಂಥ ಬೇಡದ ಕರೆಂಟ್, ಇನ್ನೂ ಹೆಚ್ಚಾಗುತ್ತದೆ.

ಪಿಎಫ್‌ಸಿ ಚಾರ್ಜರ್ ವೋಲ್ಟೇಜಿನ ಅಲೆಯ ಉದ್ದಕ್ಕೂ ಅದೇ ಆಕಾರದಲ್ಲಿ ಕರೆಂಟ್ ಎಳೆಯುತ್ತದೆ. ಲೆಕ್ಕ ನೋಡಿ. ಔಟ್‌ಪುಟ್ ಸುಮಾರು 1,750 ವ್ಯಾಟ್, ದಕ್ಷತೆ 90% ಅಂದರೆ ಒಳಗೆ ಬರುವುದು 1,950 ವ್ಯಾಟ್. ಪವರ್ ಫ್ಯಾಕ್ಟರ್ 0.65 ಇದ್ದರೆ 230 ವೋಲ್ಟಿನಲ್ಲಿ 13 ಆಂಪಿಯರ್ ಬೇಕು. 0.99 ಇದ್ದರೆ ಎಂಟೂವರೆ ಸಾಕು. ಅದೇ 16 ಆಂಪಿಯರ್ ಸಾಕೆಟ್ ಈಗ ಎಷ್ಟು ಹಗುರಾಗಿದೆ ಅಂತ ಕೈಯಿಟ್ಟರೆ ಗೊತ್ತಾಗುತ್ತದೆ. ನ್ಯೂಟ್ರಲ್ ತಣ್ಣಗಿದೆ. ರಾತ್ರಿಯೆಲ್ಲ ಯಾರೂ ಇಲ್ಲದ ಶೆಡ್‌ನಲ್ಲಿ ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಬೇಡ.

ಬೇಸಿಗೆ ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ ಹಳೆಯವು ಕಟ್ ಆಗುತ್ತಿದ್ದವು. ಇವು ನಡೆಯುತ್ತವೆ. ಒಳಗಿನ ಬೂಸ್ಟ್ ಸರ್ಕ್ಯೂಟ್ ಬಂದ ವೋಲ್ಟೇಜನ್ನು 400ರ ಆಸುಪಾಸಿಗೆ ಏರಿಸಿ ಸ್ಥಿರವಾಗಿಡುತ್ತದೆ.

ಕೊರತೆಗಳೂ ಇವೆ. ಬೆಲೆ ಜಾಸ್ತಿ. ಫ್ಯಾನ್ ಸದ್ದು ಜೋರು, ಎಪಿಎಂಸಿಯ ಧೂಳಿಗೆ ಆಗಾಗ ಊದಿ ಸ್ವಚ್ಛ ಮಾಡಲೇಬೇಕು. ಅರ್ಥಿಂಗ್ ಬಿಟ್ಟುಹೋದರೆ ಬಾಡಿ ಮುಟ್ಟಿದಾಗ ಜುಮ್ ಅನ್ನುತ್ತದೆ. ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಬಾಡಿಗೆ ಸೋರುತ್ತದೆ, ಹಾಗಾಗಿ ಮೂರನೇ ಪಿನ್ ಕಿತ್ತು ಹಾಕಬೇಡಿ.

ಕೊಳ್ಳುವವರು ಲೇಬಲ್ ಮೇಲೆ ಪವರ್ ಫ್ಯಾಕ್ಟರ್ ಮತ್ತು ಟಿಎಚ್‌ಡಿ (ಒಟ್ಟು ಹಾರ್ಮೋನಿಕ್ಸ್ ಎಷ್ಟು ಎಂಬ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಎರಡೂ ಬರೆದಿದೆಯಾ ನೋಡಿ. ನಿಮ್ಮ ಗಾಡಿಯ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್) ಚಾರ್ಜರ್‌ನಿಂದ ಕ್ಯಾನ್ (CAN) ಎಂಬ ಡೇಟಾ ಸಿಗ್ನಲ್ ಕೇಳುವಂಥದ್ದಾದರೆ, ಅದನ್ನು ಕೊಡದ ಹೊರಗಿನ ಚಾರ್ಜರ್ ಶುರುವಾಗುವುದೇ ಇಲ್ಲ. ದುಡ್ಡು ಕೊಡುವ ಮೊದಲು ಗಾಡಿಯನ್ನೇ ಅಂಗಡಿಗೆ ಒಯ್ದು ಹಚ್ಚಿ ನೋಡಿ.