ಒಂದು ಕೇಬಲ್, ನಾಲ್ಕು ದಾರಿ: ಡೆಲ್ ಯು2723ಕ್ಯುಇ ಡಾಕಿಂಗ್ ಮಾನಿಟರ್ ವಿಮರ್ಶೆ

ಲ್ಯಾಪ್‌ಟಾಪಿಗೆ ಒಂದೇ ಯುಎಸ್‌ಬಿ-ಸಿ ಕೇಬಲ್ ಸಿಕ್ಕಿಸಿದ ಕೂಡಲೇ ದೊಡ್ಡ ಪರದೆಯಲ್ಲಿ ಚಿತ್ರ ಮೂಡಬೇಕು, ಬ್ಯಾಟರಿ ಚಾರ್ಜ್ ಆಗಬೇಕು, ಕೀಬೋರ್ಡ್, ಮೌಸ್, ನೆಟ್‌ವರ್ಕ್ ಎಲ್ಲವೂ ಕೆಲಸಕ್ಕೆ ಸಿದ್ಧವಾಗಬೇಕು ಎಂಬುದು ಡಾಕಿಂಗ್ ಮಾನಿಟರ್ ಕೊಳ್ಳುವವರ ಅಪೇಕ್ಷೆ. ಡೆಲ್ ಕಂಪನಿ 2022ರಲ್ಲಿ ಹೊರತಂದ ಅಲ್ಟ್ರಾಶಾರ್ಪ್ ಯು2723ಕ್ಯುಇ ಈ ಅಪೇಕ್ಷೆಯನ್ನು ಬಹುಮಟ್ಟಿಗೆ ಪೂರೈಸುತ್ತದೆ. ಆದರೆ ಎಷ್ಟರಮಟ್ಟಿಗೆ ಪೂರೈಸುತ್ತದೆ ಎಂಬುದು ಮಾನಿಟರಿಗಿಂತ ಹೆಚ್ಚಾಗಿ ಅದಕ್ಕೆ ಜೋಡಿಸುವ ಲ್ಯಾಪ್‌ಟಾಪನ್ನು ಅವಲಂಬಿಸಿದೆ. ಜಾಹೀರಾತಿನಲ್ಲಿ ಕಾಣದ ಈ ಸಂಗತಿಯೇ ಕೊಳ್ಳುವ ಮೊದಲು ತಿಳಿದಿರಬೇಕಾದದ್ದು.

ಪರದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 27 ಇಂಚು, 3840 x 2160 (ಅಂದರೆ 4ಕೆ) ರೆಸಲ್ಯೂಶನ್, 60 ಹರ್ಟ್ಜ್, ಎಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗುತ್ತದೆ. ಐಪಿಎಸ್ ಬ್ಲ್ಯಾಕ್ ಎಂಬ ಬಗೆಯ ಪ್ಯಾನೆಲ್ ಆಗಿರುವುದರಿಂದ ಕಾಂಟ್ರಾಸ್ಟ್ 2000:1ರಷ್ಟಿದೆ. ಸಾಮಾನ್ಯ ಐಪಿಎಸ್ ಪರದೆಗಳಲ್ಲಿ ಬೂದುಬಣ್ಣಕ್ಕೆ ತಿರುಗುವ ಕಪ್ಪು ಇಲ್ಲಿ ಹೆಚ್ಚು ಗಾಢವಾಗಿ ಕಾಣುತ್ತದೆ. ಅಕ್ಷರಗಳು ಮುದ್ರಿಸಿದಷ್ಟು ಸ್ಪಷ್ಟ. ದಿನವಿಡೀ ಓದು, ಬರಹ, ಲೆಕ್ಕಪತ್ರದ ಕೆಲಸ ಮಾಡುವವರಿಗೆ ಇಷ್ಟು ಧಾರಾಳವಾಗಿ ಸಾಕು. ಆಟ ಆಡುವವರು ಬೇರೆಡೆ ನೋಡುವುದು ಒಳ್ಳೆಯದು.

ಇದರ ವಿಶೇಷವೆಲ್ಲ ಇರುವುದು ಬೆನ್ನಿನ ಕಡೆ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಮತ್ತೊಂದು ಮಾನಿಟರಿಗೆ ಚಿತ್ರವನ್ನು ಮುಂದಕ್ಕೆ ಕಳಿಸುವ ಡಿಸ್‌ಪ್ಲೇಪೋರ್ಟ್ ಔಟ್, ಈಥರ್‌ನೆಟ್ ಪೋರ್ಟ್, ನಾಲ್ಕು ಯುಎಸ್‌ಬಿ-ಎ ಪೋರ್ಟುಗಳು, ಎರಡು ಯುಎಸ್‌ಬಿ-ಸಿ ಪೋರ್ಟುಗಳು, ಜೊತೆಗೆ ಸ್ಪೀಕರ್ ಜೋಡಿಸಲು ಆಡಿಯೊ ಜ್ಯಾಕ್. ಕೆಳ ಅಂಚಿನಲ್ಲಿ ಕೈಗೆಟುಕುವಂತೆ ಇನ್ನೆರಡು ಪೋರ್ಟುಗಳಿವೆ. ಪೆನ್‌ಡ್ರೈವ್ ಹಾಕಲು, ಫೋನ್ ಚಾರ್ಜ್ ಮಾಡಲು ಅವು ಅನುಕೂಲ. ಹಿಂದಿರುವ ಎರಡು ಯುಎಸ್‌ಬಿ-ಸಿ ಪೋರ್ಟುಗಳು ನೋಡಲು ಅಕ್ಕತಂಗಿಯರಂತಿದ್ದರೂ ಕೆಲಸ ಬೇರೆ ಬೇರೆ. ಒಂದು ಚಿತ್ರ, ದತ್ತಾಂಶ ಮತ್ತು 90 ವ್ಯಾಟ್ ವಿದ್ಯುತ್ ಮೂರನ್ನೂ ಸಾಗಿಸುತ್ತದೆ. ಇನ್ನೊಂದು ದತ್ತಾಂಶಕ್ಕೆ ಮಾತ್ರ. ಗೋಡೆಗೆ ಒತ್ತಿಕೊಂಡ ಮಾನಿಟರಿನ ಹಿಂದೆ ಕೈಯಾಡಿಸಿ ಕೇಬಲ್ ಸಿಕ್ಕಿಸುವವರು ತಪ್ಪು ಪೋರ್ಟಿಗೆ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಮಾನಿಟರ್ ಕೆಟ್ಟಿದೆಯೆಂದು ಅನುಮಾನ ಹುಟ್ಟುತ್ತದೆ. ಪೋರ್ಟಿನ ಪಕ್ಕದ ಪುಟ್ಟ ಚಿಹ್ನೆಯನ್ನು ಟಾರ್ಚ್ ಹಾಕಿ ನೋಡಿಕೊಳ್ಳುವುದೇ ಲೇಸು.

ಇನ್ನು ಮುಖ್ಯ ವಿಷಯ. ಯುಎಸ್‌ಬಿ-ಸಿ ಕೇಬಲ್ಲಿನೊಳಗೆ ವೇಗದ ಸಂಕೇತಗಳಿಗಾಗಿ ನಾಲ್ಕು ಜೋಡಿ ತಂತಿಗಳಿರುತ್ತವೆ. ಅವನ್ನು ನಾಲ್ಕು ದಾರಿಗಳು ಎನ್ನೋಣ. ನಾಲ್ಕನ್ನೂ ಚಿತ್ರಕ್ಕೆ ಬಿಟ್ಟುಕೊಟ್ಟರೆ ಯುಎಸ್‌ಬಿ ಸಾಧನಗಳಿಗೆ ಉಳಿಯುವುದು ಹಳೆಯ ಯುಎಸ್‌ಬಿ 2.0ರ ಪ್ರತ್ಯೇಕ ತಂತಿ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. ಎರಡು ದಾರಿ ಚಿತ್ರಕ್ಕೆ, ಎರಡು ದತ್ತಾಂಶಕ್ಕೆ ಎಂದು ಹಂಚಿದರೆ ಈ ಮಾನಿಟರಿನ ಯುಎಸ್‌ಬಿ 10 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆದರೆ ಆ ಎರಡು ದಾರಿಗಳಲ್ಲಿ 4ಕೆ ಚಿತ್ರ ಹಿಡಿಸಬೇಕಲ್ಲ? 60 ಹರ್ಟ್ಜ್‌ನ 4ಕೆ ಚಿತ್ರಕ್ಕೆ 8 ಬಿಟ್ ಬಣ್ಣದಲ್ಲಿ ಸುಮಾರು 12.5 ಗಿಗಾಬಿಟ್ ಬೇಕು. ಯುಎಸ್‌ಬಿ-ಸಿ ಕೇಬಲ್ಲಿನಲ್ಲೂ ಚಿತ್ರ ಸಾಗುವುದು ಡಿಸ್‌ಪ್ಲೇಪೋರ್ಟ್ ಪದ್ಧತಿಯಲ್ಲೇ. ಲ್ಯಾಪ್‌ಟಾಪ್ ಅದರ 1.4 ಆವೃತ್ತಿಯ ಪೂರ್ಣ ವೇಗವನ್ನು ಬಲ್ಲದ್ದಾದರೆ ಎರಡು ದಾರಿಗಳಲ್ಲಿ 12.96 ಗಿಗಾಬಿಟ್ ಸಾಗುತ್ತದೆ, ಹೇಗೋ ಹಿಡಿಸುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಮಾತ್ರ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಎರಡು ದಾರಿಗಳು ಸಾಗಿಸುವುದು 8.64 ಗಿಗಾಬಿಟ್, ಆಗ ಚಿತ್ರ 30 ಹರ್ಟ್ಜ್‌ಗೆ ಇಳಿಯುತ್ತದೆ.

30 ಹರ್ಟ್ಜ್ ಎಂದರೇನೆಂದು ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಮೌಸನ್ನು ಸರಕ್ಕನೆ ಎಳೆದರೆ ಬಾಣದ ಗುರುತು ನುಣುಪಾಗಿ ಸಾಗುವ ಬದಲು ತುಂಡುತುಂಡಾಗಿ ಜಿಗಿಯುತ್ತದೆ. ಉದ್ದದ ಪುಟವನ್ನು ಸರಿಸುವಾಗ ಸಾಲುಗಳು ನಡುಗಿದಂತೆ ಕಾಣುತ್ತವೆ. ಇದನ್ನು ಸರಿಪಡಿಸುವ ಆಯ್ಕೆ ಮಾನಿಟರಿನ ಮೆನುವಿನೊಳಗೆ ‘ಯುಎಸ್‌ಬಿ-ಸಿ ಪ್ರಯಾರಿಟೈಸೇಶನ್’ ಎಂಬ ಹೆಸರಿನಲ್ಲಿದೆ. ಅಲ್ಲಿ ‘ಹೈ ರೆಸಲ್ಯೂಶನ್’ ಆರಿಸಿದರೆ ನಾಲ್ಕೂ ದಾರಿ ಚಿತ್ರಕ್ಕೆ, ‘ಹೈ ಡೇಟಾ ಸ್ಪೀಡ್’ ಆರಿಸಿದರೆ ಎರಡೆರಡರ ಹಂಚಿಕೆ. ಇಷ್ಟು ಮಹತ್ವದ ಆಯ್ಕೆಯನ್ನು ಇಂಥ ಹೆಸರಿನಲ್ಲಿ ಮೆನುವಿನೊಳಗೆ ಹುದುಗಿಸಿಡುವ ಬದಲು ಮೊದಲ ಬಾರಿ ಚಾಲೂ ಮಾಡಿದಾಗಲೇ ಕೇಳಬಹುದಿತ್ತು ಎಂದು ನನಗನ್ನಿಸುತ್ತದೆ. ಕೀಬೋರ್ಡ್, ಮೌಸ್ ಮಾತ್ರ ಜೋಡಿಸುವವರಿಗೆ 480 ಮೆಗಾಬಿಟ್ ಬೇಕಾದಷ್ಟಾಯಿತು. ಹೊರಗಿನ ಎಸ್‌ಎಸ್‌ಡಿಗೆ ದೊಡ್ಡ ಕಡತಗಳನ್ನು ನಕಲು ಮಾಡುವವರಿಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ತಟ್ಟುತ್ತದೆ.

ಎರಡು ಮಾನಿಟರ್ ಬೇಕೆಂದರೆ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ. ಮೊದಲನೆಯದರ ಡಿಸ್‌ಪ್ಲೇಪೋರ್ಟ್ ಔಟ್‌ನಿಂದ ಎರಡನೆಯದಕ್ಕೆ ಕೇಬಲ್ ಎಳೆದು ಎಂಎಸ್‌ಟಿ (ಒಂದೇ ಕೇಬಲ್ಲಿನಲ್ಲಿ ಹಲವು ಪರದೆಗಳ ಚಿತ್ರ ಕಳಿಸುವ ವಿಧಾನ) ಆಯ್ಕೆಯನ್ನು ಚಾಲೂ ಮಾಡಿದರೆ ಲ್ಯಾಪ್‌ಟಾಪಿನಿಂದ ಹೊರಡುವ ಒಂದೇ ಕೇಬಲ್ ಎರಡೂ ಪರದೆಗಳನ್ನು ನಡೆಸುತ್ತದೆ. ಎರಡೂ 4ಕೆ, ಎರಡೂ 60 ಹರ್ಟ್ಜ್ ಆಗಿದ್ದರೆ ಒಟ್ಟು ಸುಮಾರು 25 ಗಿಗಾಬಿಟ್ ಬೇಕಾಗುತ್ತದೆ. ನಾಲ್ಕು ದಾರಿಗಳ ಪೂರ್ಣ ಸಾಮರ್ಥ್ಯ 25.92 ಗಿಗಾಬಿಟ್. ಎಂದರೆ ದತ್ತಾಂಶಕ್ಕೆ ದಾರಿಯೇ ಉಳಿಯುವುದಿಲ್ಲ, ಮಾನಿಟರಿಗೆ ಸಿಕ್ಕಿಸಿದ ಈಥರ್‌ನೆಟ್, ಡಿಸ್ಕ್, ವೆಬ್‌ಕ್ಯಾಮ್ ಎಲ್ಲವೂ ಆ 480 ಮೆಗಾಬಿಟ್ಟನ್ನೇ ಹಂಚಿಕೊಳ್ಳಬೇಕು. ಗಿಗಾಬಿಟ್ ನೆಟ್‌ವರ್ಕ್‌ನ ಕೇಬಲ್ ಹಾಕಿಯೂ ಅರ್ಧದಷ್ಟು ವೇಗ ಸಿಗದಿದ್ದರೆ ಸೇವೆ ಕೊಡುವವರನ್ನು ಬೈಯುವ ಮೊದಲು ಇದನ್ನು ನೋಡಬೇಕು. ಎರಡನೆಯ ಪರದೆ 1920 x 1080ರದ್ದಾದರೆ ಚಿತ್ರದ ಹೊರೆ ಸಾಕಷ್ಟು ಇಳಿಯುತ್ತದೆ.

ಮ್ಯಾಕ್ ಬಳಸುವವರಿಗೆ ಈ ಸರಪಳಿ ಉಪಯೋಗಕ್ಕೆ ಬರುವುದಿಲ್ಲ. ಮ್ಯಾಕ್‌ಒಎಸ್ ಎಂಎಸ್‌ಟಿ ಮೂಲಕ ಪರದೆಯನ್ನು ವಿಸ್ತರಿಸುವುದಿಲ್ಲವಾದ್ದರಿಂದ ಎರಡೂ ಮಾನಿಟರುಗಳಲ್ಲಿ ಒಂದೇ ಚಿತ್ರ ಕಾಣುತ್ತದೆ. ಎರಡನೆಯದನ್ನು ಪ್ರತ್ಯೇಕ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೇ ಜೋಡಿಸಬೇಕು. ಅದರಲ್ಲೂ ಮೂಲ ಎಂ1, ಎಂ2 ಚಿಪ್‌ಗಳ ಮ್ಯಾಕ್‌ಬುಕ್‌ಗಳು ಹೊರಗಿನ ಒಂದೇ ಪರದೆಯನ್ನು ನಡೆಸಬಲ್ಲವು. ಅವಕ್ಕೆ ಎರಡನೆಯ ಪರದೆ ಬೇಕಾದರೆ ಚಿತ್ರವನ್ನು ಯುಎಸ್‌ಬಿ ದತ್ತಾಂಶವಾಗಿ ಕಳಿಸುವ ಡಿಸ್‌ಪ್ಲೇಲಿಂಕ್ ತಂತ್ರಾಂಶ ಮತ್ತು ಅದರದೇ ಅಡಾಪ್ಟರ್ ಬೇಕಾಗುತ್ತದೆ, ಅದು ಪ್ರೊಸೆಸರಿಗೂ ಸ್ವಲ್ಪ ಕೆಲಸ ಹೊರಿಸುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ದೂರುವಂಥದ್ದೇನಿಲ್ಲ. ತೆಳು ಲ್ಯಾಪ್‌ಟಾಪುಗಳಿಗೆ 90 ವ್ಯಾಟ್ ಧಾರಾಳ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಭಾರಿ ಯಂತ್ರಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಅವು ದುಡಿಯುವ ಹೊತ್ತಿನಲ್ಲಿ ಚಾರ್ಜರ್ ಇಲ್ಲದಿದ್ದರೆ ಬ್ಯಾಟರಿ ನಿಧಾನವಾಗಿ ಕರಗುತ್ತದೆ. ಕೇಬಲ್ ಬದಲಿಸುವವರು ಎಚ್ಚರ ವಹಿಸಬೇಕು. 3 ಆಂಪಿಯರ್ ಮೀರಿ ವಿದ್ಯುತ್ ಸಾಗಿಸುವ ಕೇಬಲ್ಲಿನೊಳಗೆ ಅದನ್ನು ಸಾರುವ ಚಿಪ್ ಇರಬೇಕು. ಇಲ್ಲದಿದ್ದರೆ 60 ವ್ಯಾಟಿಗೇ ನಿಲ್ಲುತ್ತದೆ. ಫೋನ್ ಜೊತೆ ಬರುವ ಅನೇಕ ಕೇಬಲ್‌ಗಳಲ್ಲಿ ವೇಗದ ನಾಲ್ಕು ಜೋಡಿ ತಂತಿಗಳೇ ಇರುವುದಿಲ್ಲ. ಅಂಥದ್ದನ್ನು ಸಿಕ್ಕಿಸಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಮೌಸ್ ಓಡುತ್ತದೆ, ಚಿತ್ರ ಮಾತ್ರ ಬರುವುದಿಲ್ಲ.

ನನಗೆ ಅತ್ಯಂತ ಹಿಡಿಸಿದ್ದು ಕೆವಿಎಂ ಸೌಲಭ್ಯ. ಕಚೇರಿಯ ಲ್ಯಾಪ್‌ಟಾಪ್ ಯುಎಸ್‌ಬಿ-ಸಿಯಲ್ಲಿ, ಸ್ವಂತದ ಕಂಪ್ಯೂಟರ್ ಎಚ್‌ಡಿಎಂಐ ಮತ್ತು ದತ್ತಾಂಶದ ಆ ಇನ್ನೊಂದು ಪೋರ್ಟಿನಲ್ಲಿ ಇದ್ದರೆ ಒಂದೇ ಕೀಬೋರ್ಡ್, ಒಂದೇ ಮೌಸ್ ಎರಡಕ್ಕೂ ಸಾಕು. ಸ್ಪೀಕರ್, ವೆಬ್‌ಕ್ಯಾಮ್ ಇಲ್ಲದಿರುವುದು ಮೀಟಿಂಗ್‌ಗಳಲ್ಲೇ ದಿನ ಕಳೆಯುವವರಿಗೆ ಕೊರತೆ ಎನಿಸಬಹುದು.

ಇದೇ ಸಾಲಿನಲ್ಲಿ 2025ರಲ್ಲಿ ಬಂದ ಯು2725ಕ್ಯುಇ ಥಂಡರ್‌ಬೋಲ್ಟ್ 4, 120 ಹರ್ಟ್ಜ್ ಮತ್ತು 140 ವ್ಯಾಟ್‌ಗೆ ಏರಿದೆ. ಯುಎಸ್‌ಬಿ-ಸಿ ಆಕಾರದ ಪೋರ್ಟನ್ನೇ ಬಳಸುವ ಥಂಡರ್‌ಬೋಲ್ಟ್ 4ರಲ್ಲಿ ದಾರಿಗಳನ್ನು ಹೀಗೆ ಕಡಿದು ಹಂಚುವುದಿಲ್ಲ. 40 ಗಿಗಾಬಿಟ್‌ನ ಒಂದೇ ಹರಿವಿನಲ್ಲಿ ಚಿತ್ರವೂ ದತ್ತಾಂಶವೂ ಅಗತ್ಯಕ್ಕೆ ತಕ್ಕಂತೆ ಸಾಗುತ್ತವೆ. ಲ್ಯಾಪ್‌ಟಾಪಿನ ಪೋರ್ಟಿನ ಬಳಿ ಮಿಂಚಿನ ಬಾಣದ ಗುರುತಿದ್ದು, ಎರಡು 4ಕೆ ಪರದೆಗಳ ಜೊತೆಗೆ ವೇಗದ ಡಿಸ್ಕ್ ಕೂಡ ಬೇಕೆನ್ನುವವರು ಹೊಸದನ್ನೇ ನೋಡಲಿ. ಲ್ಯಾಪ್‌ಟಾಪಿನಲ್ಲಿ ಇರುವುದು ಸಾದಾ ಯುಎಸ್‌ಬಿ-ಸಿ, ಬೇಕಿರುವುದು ಒಂದೇ ಪರದೆ ಎಂದಾದರೆ 2022ರ ಈ ಮಾದರಿಯನ್ನು ಬಿಟ್ಟು ಮೇಲಕ್ಕೆ ಹೋಗಲು ನನಗೆ ಕಾರಣ ಕಾಣುವುದಿಲ್ಲ.