ಚರ್ಮದ ಸೀಟು: ನಾಲ್ಕೈದು ಥರದ್ದರ ಮೇಲೆ ಕೂತು ನೋಡಿದ ಮೇಲೆ

ಸೈಕಲ್ಲಿಗೆ ಚರ್ಮದ ಸೀಟು ಹಾಕಿಸಬೇಕು, ಯಾವುದು ಆರಾಮ ಅಂತ ಕೇಳಿ ನೋಡಿ. ಮುಕ್ಕಾಲು ಪಾಲು ಜನ ಕಣ್ಣು ಮುಚ್ಚಿಕೊಂಡು ಬ್ರೂಕ್ಸ್ ಕಂಪನಿಯ ಬಿ17 ಅನ್ನುತ್ತಾರೆ. ತಪ್ಪೇನಿಲ್ಲ, ಒಳ್ಳೆಯ ಸೀಟೇ. ಆದರೆ ನಿಮ್ಮ ಹ್ಯಾಂಡಲ್ ಎಷ್ಟು ಎತ್ತರದಲ್ಲಿದೆ ಅಂತ ಅವರಲ್ಲಿ ಒಬ್ಬರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ನನ್ನ ಹತ್ತಿರ ಎರಡು ಸೈಕಲ್ ಇವೆ. ಒಂದು ಡ್ರಾಪ್ ಹ್ಯಾಂಡಲಿನ (ತುದಿಗಳು ಕೆಳಕ್ಕೆ ಬಾಗಿರುವಂಥದ್ದು) ಟೂರಿಂಗ್ ಸೈಕಲ್, ಅಂದರೆ ದೂರದ ದಾರಿಯದು, ಅದರ ಹ್ಯಾಂಡಲ್ ಹೆಚ್ಚುಕಡಿಮೆ ಸೀಟಿನ ಮಟ್ಟಕ್ಕೇ ಇದೆ. ಇನ್ನೊಂದು ಬೆನ್ನು ನೆಟ್ಟಗಿಟ್ಟು ತುಳಿಯುವ ದಿನಬಳಕೆಯದು. ಇಲ್ಲಿ ಹೇಳುತ್ತಿರುವ ಸೀಟುಗಳಲ್ಲಿ ಹೆಚ್ಚಿನವನ್ನು ಎರಡಕ್ಕೂ ಬದಲಾಯಿಸಿ ಬದಲಾಯಿಸಿ ಹಾಕಿ ನೋಡಿದ್ದೇನೆ. ಒಂದು ಸೈಕಲ್ಲಿನಲ್ಲಿ ಇಡೀ ದಿನ ಕೂತರೂ ನೆನಪಿಗೇ ಬರದ ಸೀಟು ಇನ್ನೊಂದರಲ್ಲಿ ಅರ್ಧ ಗಂಟೆಗೆ ಅಂಡು ನೋಯಿಸಿದ್ದುಂಟು.

ಹೋಲಿಕೆಗೆ ಮುಂಚೆ ಒಂದು ಮಾತು. ಅಂಗಡಿಯಲ್ಲಿ 'ಲೆದರ್ ಸೀಟು' ಅಂತ ಮಾರುವುದರಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಪ್ಲಾಸ್ಟಿಕ್ ತಳ, ಅದರ ಮೇಲೆ ಫೋಮ್, ಅದರ ಮೇಲೆ ತೆಳ್ಳಗೆ ಚರ್ಮದ ಹೊದಿಕೆ. ಇದು ಮಾಮೂಲಿ ಸೀಟೇ, ಬಟ್ಟೆ ಮಾತ್ರ ಬೇರೆ. ಇನ್ನೊಂದರಲ್ಲಿ ಫೋಮೇ ಇಲ್ಲ. ಸುಮಾರು ಐದು ಮಿಲಿಮೀಟರ್ ದಪ್ಪದ ದನದ ಚರ್ಮವನ್ನು ಮುಂದಿನ ಮೂತಿಗೂ ಹಿಂದಿನ ಲೋಹದ ಪಟ್ಟಿಗೂ ರಿವೆಟ್ ಹೊಡೆದು ಜೋಲಿಯ ಹಾಗೆ ಬಿಗಿದು ಕಟ್ಟಿರುತ್ತಾರೆ. ನಾನು ಮಾತಾಡುತ್ತಿರುವುದು ಈ ಎರಡನೇ ಜಾತಿಯ ಬಗ್ಗೆ. ಸೀಟನ್ನು ತಿರುಗಿಸಿ ಕೆಳಗಿನಿಂದ ನೋಡಿದರೆ ಗೊತ್ತಾಗುತ್ತದೆ: ಚರ್ಮದ ಒರಟು ಹಿಂಭಾಗ ಕಾಣಬೇಕು, ಮೂತಿಯ ಕೆಳಗೆ ಬಿಗಿ ಮಾಡುವ ಬೋಲ್ಟು ಇರಬೇಕು.

ಇಷ್ಟು ಗಟ್ಟಿ ಇರುವುದು ಆರಾಮ ಹೇಗೆ ಅಂತ ಅನ್ನಿಸುತ್ತದೆ ಅಲ್ವಾ? ಸೈಕಲ್ ಮೇಲೆ ನಮ್ಮ ಭಾರ ಹೊರಬೇಕಾದ್ದು ಸೊಂಟದ ಕೆಳಗಿನ ಎರಡು ಕೂರುವ ಮೂಳೆಗಳು. ಮೆತ್ತನೆ ಫೋಮಿನಲ್ಲಿ ಆ ಮೂಳೆಗಳು ಒಳಗೆ ಇಳಿದುಹೋಗುತ್ತವೆ, ಮಧ್ಯದ ಫೋಮ್ ಮೇಲೆದ್ದು ಎರಡು ಮೂಳೆಯ ನಡುವಿನ ಮೆತ್ತನೆ ಜಾಗವನ್ನು ಒತ್ತುತ್ತದೆ. ಜೋಮು ಹಿಡಿಯುವುದು ಅಲ್ಲೇ. ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ 'ಆಹಾ ಮೆತ್ತಗಿದೆ' ಅಂತ ತಂದ ಸೀಟು ದೂರದ ದಾರಿಯಲ್ಲಿ ಕೈಕೊಡುವುದು ಇದಕ್ಕೇ. ಬಿಗಿದ ಚರ್ಮದ ಮೇಲೆ ಭಾರ ಮೂಳೆಯ ಮೇಲೇ ಉಳಿಯುತ್ತದೆ. ತುಳಿಯುತ್ತಾ ತುಳಿಯುತ್ತಾ ಮೂಳೆ ಕೂರುವ ಎರಡು ಕಡೆ ಚರ್ಮ ತಗ್ಗಾಗುತ್ತದೆ. ಪಳಗಿದ ಸೀಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ಎರಡು ಗುಳಿ ಚೆನ್ನಾಗಿ ಕಾಣುತ್ತವೆ.

ಈಗ ಬಿ17. ಬ್ರೂಕ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಶುರುವಾದ ಕಂಪನಿ. ಈ ಮಾದರಿ ನೂರು ವರ್ಷಕ್ಕೂ ಹಳೆಯದು, ಆಕಾರ ಹೆಚ್ಚೇನೂ ಬದಲಾಗಿಲ್ಲ. ಅಗಲ 170ರಿಂದ 175 ಮಿ.ಮೀ., ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಹೊಸದರಲ್ಲಿ ಹಲಗೆಯೇ. ಬೆರಳಲ್ಲಿ ಕುಟ್ಟಿದರೆ ಟಕ್ ಟಕ್ ಅನ್ನುತ್ತದೆ. ನುಣ್ಣಗೂ ಇರುವುದರಿಂದ ಮೊದಮೊದಲು ಮುಂದಕ್ಕೆ ಜಾರಿದ ಹಾಗಾಗುತ್ತದೆ. ಆದರೆ ನನ್ನ ಟೂರಿಂಗ್ ಸೈಕಲ್ಲಿನಲ್ಲಿ ಇದರ ಸಮಕ್ಕೆ ಇನ್ನೊಂದು ಬರಲಿಲ್ಲ. ಮೈ ಅರ್ಧ ಬಾಗಿರುವಾಗ ಮೂಳೆಗಳು ಸರಿಯಾಗಿ ಚರ್ಮದ ಅಗಲವಾದ ಭಾಗದ ನಡುವೆ ಬರುತ್ತವೆ, ಹಿಂದಿನ ಲೋಹದ ಪಟ್ಟಿ ತಾಗುವುದಿಲ್ಲ, ಒಳತೊಡೆಗೂ ಉಜ್ಜುವುದಿಲ್ಲ.

ಅದನ್ನೇ ಬಿಚ್ಚಿ ನೆಟ್ಟಗೆ ಕೂರುವ ಸೈಕಲ್ಲಿಗೆ ಹಾಕಿದೆ. ಅಲ್ಲಿ ಕಥೆಯೇ ಬೇರೆ. ಬೆನ್ನು ನೆಟ್ಟಗಾದಾಗ ಸೊಂಟ ಹಿಂದಕ್ಕೆ ವಾಲುತ್ತದೆ, ಮೂಳೆಗಳ ಅಗಲವಾದ ಹಿಂಭಾಗ ಸೀಟಿಗೆ ತಾಗುತ್ತದೆ, ಅಷ್ಟೇ ಅಲ್ಲ, ಕೈ ಮೇಲೆ ಹೋಗುತ್ತಿದ್ದ ಭಾರವೂ ಪೂರ್ತಿ ಸೀಟಿನ ಮೇಲೇ ಬೀಳುತ್ತದೆ. ಮೂಳೆ ಹಿಂದಿನ ಪಟ್ಟಿಯ ಅಂಚಿಗೆ ಹೋಗಿ ಕೂತಿತು. ಚರ್ಮ ಎಷ್ಟೇ ಪಳಗಿದರೂ ಕೆಳಗಿರುವ ಲೋಹ ಪಳಗುವುದಿಲ್ಲ. ರಿವೆಟ್ ಸಾಲು ಚುಚ್ಚಿದ ಹಾಗೆ ಅನ್ನಿಸಿದರೆ ಆ ಸೀಟು ನಿಮ್ಮ ಭಂಗಿಗೆ ಅಗಲ ಸಾಲದು ಅಂತಲೇ ಲೆಕ್ಕ, ಇನ್ನಷ್ಟು ದಿನ ತಡೆದುಕೊಂಡರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಆ ಸೈಕಲ್ಲಿಗೆ ಕೊನೆಗೆ ನಿಂತಿದ್ದು ಬ್ರೂಕ್ಸ್‌ದೇ ಬಿ67. ಅಗಲ 200 ಮಿ.ಮೀ. ದಾಟುತ್ತದೆ, ಹಿಂದೆ ಎರಡು ದಪ್ಪ ಸ್ಪ್ರಿಂಗ್. ಭಾರ, ನಿಜ, ಆದರೆ ಅಂಥ ಸೈಕಲ್ಲಿಗೆ ತೂಕ ನೋಡುವವರು ಯಾರು? ನೆಟ್ಟಗೆ ಕೂತಾಗ ಚಕ್ರ ಗುಂಡಿಗೆ ಬಿದ್ದರೆ ಏಟು ಸೀದಾ ಬೆನ್ನುಮೂಳೆಗೆ ಹೊಡೆಯುತ್ತದೆ, ಅದನ್ನು ಸ್ಪ್ರಿಂಗ್ ನುಂಗುತ್ತದೆ. ಇದೇ ಸೀಟನ್ನು ಡ್ರಾಪ್ ಹ್ಯಾಂಡಲಿಗೆ ಹಾಕಿದಾಗ ಮಾತ್ರ ಎರಡೂ ತೊಡೆ ಸೀಟಿನ ಅಂಚಿಗೆ ಒರೆಸಿಕೊಂಡೇ ಹೋಗುತ್ತಿದ್ದವು, ಜೋರಾಗಿ ತುಳಿದರೆ ಸ್ಪ್ರಿಂಗ್ ಕುಣಿಯುತ್ತಿತ್ತು. ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ: ಬಿ66 ಅಂತ ಇದರ ಅಣ್ಣ ಒಬ್ಬನಿದ್ದಾನೆ, ಮೇಲಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಕೆಳಗೆ ಜೋಡಿ ರೈಲ್ ಇರುತ್ತದೆ, ಅಂದರೆ ಎರಡೂ ಬದಿಗೆ ಎರಡೆರಡು ಕಂಬಿ, ಹಳೆಯ ಕಾಲದ ಸಾದಾ ಕೊಳವೆಯಂಥ ಸೀಟ್ ಪೋಸ್ಟಿಗೆ (ಸೀಟನ್ನು ಹೊರುವ ಕಂಬ) ಬೇರೆ ಕ್ಲ್ಯಾಂಪ್ ಹಾಕಿ ಕೂರಿಸುವಂಥದ್ದು. ಈಗಿನ ಸೀಟ್ ಪೋಸ್ಟಿಗೆ ಕೂರುವುದು ಬಿ67. ತರಿಸುವಾಗ ನಂಬರ್ ಸರಿಯಾಗಿ ನೋಡಿಕೊಳ್ಳಿ.

ಬಿ17, ಬಿ67 ಎರಡರ ನಡುವೆ ಬ್ರೂಕ್ಸ್‌ದೇ ಫ್ಲೈಯರ್ ಅಂತ ಒಂದಿದೆ. ಬಿ17ರ ಚರ್ಮವೇ, ಹಿಂದೆ ಸ್ಪ್ರಿಂಗ್ ಸೇರಿಸಿದ್ದಾರೆ. ಕಚ್ಚಾ ರಸ್ತೆಯಲ್ಲಿ ಲಗೇಜು ಹೇರಿಕೊಂಡು ಹೋಗುವವರಿಗೆ ಸರಿ. ಡಾಂಬರು ರಸ್ತೆಗೆ ನನಗೆ ಬೇಡ ಅನ್ನಿಸಿತು, ಟೈರ್ ಸ್ವಲ್ಪ ದಪ್ಪದ್ದು ಹಾಕಿದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಸೆಲ್ಲೆ ಅನಾಟೋಮಿಕಾ ಪೂರ್ತಿ ಬೇರೆ ದಾರಿ. ಅಮೆರಿಕದ ಕಂಪನಿಯದು. ಚರ್ಮದ ನಡುವೆ ಉದ್ದಕ್ಕೆ ಒಂದು ಸೀಳು ಇದೆ. ಬಲಗಾಲು ತುಳಿದಾಗ ಬಲ ಅರ್ಧ ಬಗ್ಗುತ್ತದೆ, ಎಡಗಾಲಿಗೆ ಎಡ ಅರ್ಧ. ಪಳಗಿಸುವ ತಾಪತ್ರಯವೇ ಇಲ್ಲ, ಮೊದಲ ದಿನವೇ ಆರಾಮ. ಮಧ್ಯದಲ್ಲಿ ಒತ್ತಡ ಬೀಳದ ಕಾರಣ ಜೋಮಿನ ಕಾಟ ಇರುವವರಿಗೆ ಮೊದಲು ಇದನ್ನೇ ಹೇಳುತ್ತೇನೆ. ಚರ್ಮವನ್ನು ನೀರು ತಡೆಯುವ ಹಾಗೆ ಹದ ಮಾಡಿರುತ್ತಾರೆ. ಮೆತ್ತಗಿರುವ ಚರ್ಮ ಹಿಗ್ಗುವುದೂ ಜಾಸ್ತಿ, ಅದಕ್ಕೇ ಬಿಗಿ ಮಾಡಲು ಉದ್ದನೆಯ ಬೋಲ್ಟು ಕೊಟ್ಟಿದ್ದಾರೆ, ತೂಕದವರಿಗೆ ಅಂತ ಗಟ್ಟಿ ಚರ್ಮದ ಮಾದರಿಯೂ ಉಂಟು. ನನಗೆ ಯಾಕೋ ಒಗ್ಗಲಿಲ್ಲ. ಒಂದೇ ಜಾಗದಲ್ಲಿ ಕೂತು ಒಂದೇ ಲಯದಲ್ಲಿ ತುಳಿಯುವವರಿಗೆ ಹೇಳಿಮಾಡಿಸಿದ್ದು. ನಾನು ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಸರಿಯುತ್ತಲೇ ಇರುವವನು, ಈ ಸೀಟು ಮತ್ತೆ ಮತ್ತೆ ತನ್ನ ತಗ್ಗಿಗೇ ಎಳೆದುಕೊಳ್ಳುತ್ತಿತ್ತು. ಅಂದಹಾಗೆ ಬಿ17ರಲ್ಲೂ ನಡುವೆ ಕತ್ತರಿಸಿದ ಮಾದರಿ ಸಿಗುತ್ತದೆ. ಗಟ್ಟಿತನ ಬೇಕು, ಮಧ್ಯದ ಒತ್ತಡ ಮಾತ್ರ ಬೇಡ ಅನ್ನುವವರು ಅದನ್ನು ನೋಡಬಹುದು.

ಫ್ರಾನ್ಸಿನ ಜಿಲ್ ಬರ್ತೂ ಸೀಟುಗಳಿಗೆ ಅಲ್ಲಿನ ಬೆಟ್ಟದ ಕಣಿವೆದಾರಿಗಳ ಹೆಸರು. ನಾನು ಕೂತಿದ್ದು ಆಸ್ಪಿನ್ ಮೇಲೆ. ಕೆಲಸಗಾರಿಕೆಯಲ್ಲಿ ಇವೆಲ್ಲದರಲ್ಲಿ ಮೇಲು ಇದೇ, ಅನುಮಾನವೇ ಬೇಡ. ಚರ್ಮವನ್ನು ರಿವೆಟ್ ಬದಲು ಸ್ಕ್ರೂನಲ್ಲಿ ಕೂರಿಸಿದ್ದಾರೆ, ಹಾಗಾಗಿ ಚರ್ಮ ಸವೆದರೆ ಮನೆಯಲ್ಲೇ ಬಿಚ್ಚಿ ಬೇರೆ ಚರ್ಮ ಹಾಕಬಹುದು, ಇಡೀ ಸೀಟು ಎಸೆಯಬೇಕಿಲ್ಲ. ಹಿಂದಿನ ಪಟ್ಟಿ ಲೋಹದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನ ಥರದ್ದು. ಕೂತರೆ ಬಿ17ಕ್ಕಿಂತ ಬಿಗಿ, ಆದರೆ ಅಂಚುಗಳು ನಯ. ಹ್ಯಾಂಡಲನ್ನು ಸ್ವಲ್ಪ ಇಳಿಸಿ ಓಡಿಸಿದ ದಿನಗಳಲ್ಲಿ ಇದು ಬಿ17ಕ್ಕಿಂತ ಹಿತ ಅನ್ನಿಸಿತು. ಹ್ಯಾಂಡಲ್ ಮೇಲೇರಿಸಿದಾಗ ಮತ್ತೆ ಬಿ17ರ ಕಡೆಗೇ ಮನಸ್ಸು.

ಇನ್ನೂ ಬಗ್ಗಿ ಓಡಿಸುವವರಿಗೆ ಬ್ರೂಕ್ಸ್ ಸ್ವಿಫ್ಟ್‌ನಂಥ ಕಿರಿದಾದವು ಇವೆ, ಅಗಲ ಸುಮಾರು 150 ಮಿ.ಮೀ., ಪಕ್ಕದ ಚರ್ಮವನ್ನು ಕತ್ತರಿಸಿ ಕೆಳಕ್ಕೆ ಮಡಚಿರುತ್ತಾರೆ. ನೋಡಲು ಚೆಂದ. ನನ್ನ ಮೂಳೆಯ ಅಳತೆಗೆ ಅದು ಆಗುವುದಿಲ್ಲ, ಆ ಬಗ್ಗೆ ಜಾಸ್ತಿ ಹೇಳಲಾರೆ.

ಅಳತೆ ಅಂದೆನಲ್ಲ, ಅದು ಸುಲಭ. ಗಟ್ಟಿ ಸ್ಟೂಲಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆಯ ತುಂಡು ಇಟ್ಟು ತೆಳು ಚಡ್ಡಿಯಲ್ಲಿ ಕೂರಿ. ಹಿಮ್ಮಡಿ ಎತ್ತಿ, ಕೈಯಿಂದ ಸ್ಟೂಲನ್ನು ಹಿಡಿದು ಮೈಯನ್ನು ಕೆಳಕ್ಕೆ ಜಗ್ಗಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ, ಬೆರಳಾಡಿಸಿದರೆ ಸಿಗುತ್ತವೆ. ಎರಡರ ನಡುಬಿಂದುಗಳ ಅಂತರವೇ ನಿಮ್ಮ ಅಳತೆ. ಬಾಗಿ ಓಡಿಸುವವರು ಅದಕ್ಕೆ 20 ಮಿ.ಮೀ. ಹತ್ತಿರ ಸೇರಿಸಿಕೊಳ್ಳಬೇಕು, ನೆಟ್ಟಗೆ ಕೂರುವವರು ಇನ್ನೂ ಜಾಸ್ತಿ. ಚರ್ಮದ ಸೀಟಿಗೆ ಇನ್ನೂ ಸ್ವಲ್ಪ ಉದಾರವಾಗಿರಿ, ಯಾಕೆಂದರೆ ಹಿಂದಿನ ಪಟ್ಟಿಯ ಅಂಚು ಅಗಲದ ಲೆಕ್ಕದಲ್ಲಿ ಬರುತ್ತದೆ, ಕೂರುವ ಲೆಕ್ಕದಲ್ಲಿ ಬರುವುದಿಲ್ಲ.

ಸೀಟು ಸರಿಯಾಗಿದ್ದರೂ ಕೂರಿಸಿದ್ದು ಸರಿಯಿಲ್ಲದಿದ್ದರೆ ಸುಮ್ನೆ ಸೀಟನ್ನು ಬೈಯುತ್ತೀರಿ. ಚರ್ಮದ ಸೀಟಿನ ನಡುಭಾಗ ತಗ್ಗುವುದರಿಂದ ಮೂತಿಯನ್ನು ಒಂದು ಕೂದಲೆಳೆ ಮೇಲಕ್ಕಿಡಬೇಕು. ಮಟ್ಟಸವಾಗಿ ಇಟ್ಟರೆ ಮುಂದಕ್ಕೆ ಜಾರುತ್ತೀರಿ, ಜಾರದಿರಲು ಕೈಯಲ್ಲಿ ತಳ್ಳುತ್ತೀರಿ, ಸ್ವಲ್ಪ ಹೊತ್ತಿಗೆ ಅಂಗೈ ಜೋಮು ಹಿಡಿಯುತ್ತದೆ. ಜಾಸ್ತಿ ಎತ್ತಿದರೆ ಮೂತಿ ಒತ್ತುತ್ತದೆ. ಎರಡು ಬೋಲ್ಟಿನ ಸೀಟ್ ಪೋಸ್ಟ್ ಇದ್ದರೆ ಈ ಸಣ್ಣ ವ್ಯತ್ಯಾಸ ಮಾಡುವುದು ಸಲೀಸು, ಹಲ್ಲುಗಳಿರುವ ಒಂದು ಬೋಲ್ಟಿನದ್ದರಲ್ಲಿ ಒಂದು ಹಲ್ಲು ಕಮ್ಮಿ, ಇನ್ನೊಂದು ಹಲ್ಲು ಜಾಸ್ತಿ ಆಗಿ ತಲೆ ಕೆಡುತ್ತದೆ. ಬಿ17ರ ರೈಲಿನ ನೇರ ಭಾಗ ಗಿಡ್ಡ, ಎಷ್ಟೋ ಸೈಕಲ್ಲುಗಳಲ್ಲಿ ಬೇಕಾದಷ್ಟು ಹಿಂದಕ್ಕೆ ಹೋಗುವುದೇ ಇಲ್ಲ. ಹಿಂದಕ್ಕೆ ಬಾಗಿದ ತಲೆಯ ಸೀಟ್ ಪೋಸ್ಟ್ ಬೇಕಾಗಬಹುದು.

ಬೇಗ ಪಳಗಲಿ ಅಂತ ಎಣ್ಣೆಯಲ್ಲಿ ನೆನೆಸುವವರಿದ್ದಾರೆ. ಮಾಡಬೇಡಿ, ಚರ್ಮ ಸತ್ತುಹೋಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಜೋತುಬೀಳುತ್ತದೆ. ಬ್ರೂಕ್ಸ್‌ನವರು ಪ್ರೂಫೈಡ್ ಅಂತ ಮೇಣದಂಥ ಮುಲಾಮು ಮಾರುತ್ತಾರೆ, ಹೊಸದರಲ್ಲಿ ಒಮ್ಮೆ, ಆಮೇಲೆ ಯಾವಾಗಲಾದರೊಮ್ಮೆ ತೆಳುವಾಗಿ ತಿಕ್ಕಿದರೆ ಸಾಕು. ಮೇಲ್ಭಾಗಕ್ಕಿಂತ ಕೆಳಭಾಗಕ್ಕೆ ಗಮನ ಕೊಡಿ. ಮೇಲೆ ನಾವು ಕೂತಿರುತ್ತೇವೆ, ಮಡ್‌ಗಾರ್ಡ್ ಇಲ್ಲದ ಹಿಂದಿನ ಚಕ್ರ ನೀರು ಎರಚುವುದು ಕೆಳಗಿನ ಒರಟು ಚರ್ಮಕ್ಕೆ. ನೆಂದ ಸೀಟಿನ ಮೇಲೆ ಕೂತು ಓಡಿಸಿದರೆ ಅದು ಒಂದೇ ದಿನದಲ್ಲಿ ಆಕಾರ ಕೆಡಿಸಿಕೊಳ್ಳಬಹುದು. ನೆಂದರೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಮಳೆಯಲ್ಲೇ ಓಡಾಟ ಜಾಸ್ತಿ, ಇದೆಲ್ಲ ಆಗದ ಕೆಲಸ ಅನ್ನುವವರಿಗೆ ಬ್ರೂಕ್ಸ್‌ನವರದೇ ಕ್ಯಾಂಬಿಯಂ ಇದೆ. ಚರ್ಮವಲ್ಲ, ರಬ್ಬರಿನ ಮೇಲೆ ಬಟ್ಟೆ. ಪಳಗುವುದೂ ಇಲ್ಲ, ಕೆಡುವುದೂ ಇಲ್ಲ. ಮೊದಲ ದಿನ ಹೇಗಿತ್ತೋ ಹಾಗೇ ಇರುತ್ತದೆ, ಹಿಡಿಸದಿದ್ದರೆ ಮುಂದೆಯೂ ಹಿಡಿಸುವುದಿಲ್ಲ.

ಕಡಿಮೆ ಬೆಲೆಯ ಚರ್ಮದ ಸೀಟೂ ಒಂದನ್ನು ನೋಡಿದೆ, ಹೆಸರು ಬೇಡ. ಆಕಾರ ಬಿ17ರದ್ದೇ ನಕಲು. ಮೊದಲು ಚೆನ್ನಾಗಿಯೇ ಇತ್ತು, ಬೇಗ ಮೆತ್ತಗಾಯಿತು, ಮೆತ್ತಗಾಗುತ್ತಲೇ ಹೋಯಿತು. ಪಕ್ಕದ ಚರ್ಮ ಹೊರಕ್ಕೆ ಚಾಚಿಕೊಂಡು ತೊಡೆಗೆ ತಾಗತೊಡಗಿತು. ಅಂಚಿಗೆ ತೂತು ಹೊಡೆದು ಕೆಳಗಿನಿಂದ ದಾರದಲ್ಲಿ ಲೇಸ್ ಕಟ್ಟಿದ ಹಾಗೆ ಎಳೆದು ಕಟ್ಟಿದೆ, ಸ್ವಲ್ಪ ಕಾಲ ತಳ್ಳಿತು.

ದುಡ್ಡು ಉಳಿಸಬೇಕಿದ್ದರೆ ಅದಕ್ಕಿಂತ ಒಳ್ಳೆಯ ಸೀಟನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವುದು ವಾಸಿ, ಪಳಗಿಸುವ ಕೆಲಸವೂ ಅರ್ಧ ಮುಗಿದಿರುತ್ತದೆ. ಮೇಲಿನ ಗೀರು, ಬಣ್ಣ ಹೋಗಿರುವುದು ಲೆಕ್ಕಕ್ಕಿಲ್ಲ. ರಿವೆಟ್ ಸುತ್ತ ಚರ್ಮ ಸೀಳಿದೆಯಾ, ನಡುವೆ ಹೆಬ್ಬೆರಳು ಒತ್ತಿದರೆ ವಾಪಸ್ ಬರುತ್ತದೆಯಾ ನೋಡಿ. ಮೂತಿಯ ಕೆಳಗೆ ಕಣ್ಣು ಹಾಯಿಸಿ ಬೋಲ್ಟಿನ ಥ್ರೆಡ್ ಎಷ್ಟು ಉಳಿದಿದೆ ಅಂತಲೂ ನೋಡಿ. ಹಿಂದಿನವರು ಪೂರ್ತಿ ತಿರುಗಿಸಿ ಮುಗಿಸಿದ್ದರೆ ನಿಮಗೆ ಬಿಗಿ ಮಾಡಲು ಏನೂ ಉಳಿದಿಲ್ಲ. ಉಳಿದಿದ್ದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಓಡಿಸಿ ನೋಡಿ, ಬೇಕಿದ್ದರೆ ಮತ್ತೆ ಕಾಲು ಸುತ್ತು.